ಪ್ರೈವೇಟ್ ನಂಬರ್ ಇಲ್ಲದೆ ಗಾಡಿ ಬಿಡದ ಮಾವ

ನಮ್ಮ ಸೋದರಮಾವ ದೇವರನ್ನು ನಂಬುತ್ತಿದ್ದರು, ಹೆಂಡತಿಯನ್ನೂ ನಂಬುತ್ತಿದ್ದರು. ಆದರೆ ಇಬ್ಬರೂ ಪ್ರೈವೇಟ್ ನಂಬರ್ ಕೊಡಲು ಒಪ್ಪದ ಕಾರಣ, ಇಬ್ಬರ ಮೇಲೂ ಒಂದು ಸಣ್ಣ ಅನುಮಾನವನ್ನು ಇಟ್ಟುಕೊಂಡೇ ಇದ್ದರು!

ಪ್ರೈವೇಟ್ ನಂಬರ್ ಅಂದರೇನು ಅಂತ ನೀವು ಕೇಳಬಹುದು. ಎಪ್ಪತ್ತರ ದಶಕದಲ್ಲಿ ಕೋಲಾರದ ಕಡೆಯಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಮದರಾಸಿಗೆ ಬಂದಿಳಿದ ದಿನ ನಾನೂ ಕೇಳಿದ್ದೆ. ಕೇಳಬಾರದಿತ್ತು. ಎಲೆಯ ಮುಂದೆ ಕೂತಿದ್ದ ಮಾವ ಕಲಸಿದ ಹುಳಿಯನ್ನವನ್ನು ಹಾಗೇ ಬಿಟ್ಟು ವಿವರಿಸಲು ಶುರುಮಾಡಿದರು. ಹುಳಿ ಆರಿತು, ಅತ್ತೆಯ ಮುಖ ಬಿಸಿಯಾಯಿತು.

ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ದೊಡ್ಡ ಸ್ಟೇಷನ್ನುಗಳಲ್ಲಲ್ಲ. ಒಂದು ಬೇವಿನ ಮರ, ಒಂದು ನೀರಿನ ಟ್ಯಾಂಕು, ಒಂದು ನಾಯಿ ಇರುವಂಥ ಕಡೆಗಳಲ್ಲಿ. ಅಲ್ಲೆಲ್ಲ ಒಂದೇ ಹಳಿ. ಹೋಗುವ ಗಾಡಿಗೂ ಅದೇ, ಬರುವ ಗಾಡಿಗೂ ಅದೇ. ಹಾಗಾಗಿ ಮುಂದಿನ ಸ್ಟೇಷನ್ನಿನವರನ್ನು ಫೋನಿನಲ್ಲಿ “ಲೈನ್ ಕ್ಲಿಯರ್ ಇದೆಯೇ?” ಅಂತ ಕೇಳದೆ ಗಾಡಿ ಬಿಡುವಂತಿಲ್ಲ. ಅವರು “ಇದೆ” ಅಂದರೂ ಸಾಲದು. ಕೇಳಿದ್ದನ್ನು ಅಕ್ಷರ ತಪ್ಪದೆ ತಿರುಗಿ ಹೇಳಿ, ತಮ್ಮ ಹತ್ತಿರ ಗುಟ್ಟಾಗಿ ಇಟ್ಟುಕೊಂಡಿರುವ ಹಾಳೆ ನೋಡಿ ಎರಡಂಕಿಯ ಒಂದು ನಂಬರ್ ಹೇಳಬೇಕು. ಅದೇ ಪ್ರೈವೇಟ್ ನಂಬರ್. ಆ ನಂಬರಿಗೆ ಬೇರೆ ಅರ್ಥವೇನೂ ಇಲ್ಲ. ಕೇಳಿಸಿಕೊಂಡೆ, ಒಪ್ಪಿದೆ, ಇನ್ನು ಮಾತು ತಪ್ಪುವುದಿಲ್ಲ, ಅಷ್ಟೇ. ಅದು ಬಂದ ಮೇಲೆಯೇ ಸಿಗ್ನಲ್ಲಿನ ಕೈ ಕೆಳಗೆ ಬಿದ್ದು ಗಾಡಿಗೆ ದಾರಿ ಬಿಡುವುದು.

“ಬಾಯಲ್ಲಿ ‘ಹೂಂ’ ಅನ್ನೋರನ್ನ ನಂಬಬಾರದು ಕಣೋ. ‘ಹೂಂ’ ಅಂತ ನಿದ್ದೆಯಲ್ಲೂ ಅಂತಾರೆ. ನಿದ್ದೆಯಲ್ಲಿ ಯಾರಾದ್ರೂ ನಲವತ್ತೇಳು ಅಂತಾರಾ?” ಅಂದರು ಮಾವ.

ನಾನು ಯೋಚಿಸಿ ನೋಡಿದೆ. ಹೌದು, ಅನ್ನುವುದಿಲ್ಲ!

ರಿಟೈರ್ ಆಗುವಾಗ ಜನ ಗಡಿಯಾರ ತರುತ್ತಾರೆ, ಗಂಧದ ಹಾರ ತರುತ್ತಾರೆ. ನಮ್ಮ ಮಾವ ಮಾತ್ರ ರೈಲ್ವೆಯ ಈ ಪದ್ಧತಿಯನ್ನೇ ಮದರಾಸಿನ ವೆಸ್ಟ್ ಮಾಂಬಲಂನ ಮನೆಗೆ ತಂದುಬಿಟ್ಟರು. ಮನೆ ಅಂದರೆ ಮಹಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಹಿಂದಿನ ಕಿಟಕಿಯಿಂದ ಎಲೆಕ್ಟ್ರಿಕ್ ಟ್ರೈನುಗಳು ಕಾಣುತ್ತಿದ್ದವು. ಒಂದು ಟ್ರೈನು ಸ್ವಲ್ಪ ತಡವಾದರೂ ಮಾವ ಕಿಟಕಿಯ ಹತ್ತಿರ ಹೋಗಿ ನಿಂತು, ತಮ್ಮಿಂದಲೇ ತಪ್ಪಾದಂತೆ ಕೈ ಹಿಸುಕಿಕೊಳ್ಳುತ್ತಿದ್ದರು.

ನನ್ನ ದಿನ ಶುರುವಾಗುತ್ತಿದ್ದುದೇ ಹೀಗೆ:

“ಸಾಯಂಕಾಲ ಬರ್ತಾ ಕಾಲು ಕಿಲೋ ಕಾಫಿಪುಡಿ. ಚಿಕೋರಿ ಬೇಡ. ರಿಪೀಟ್ ಮಾಡು.”

“ಸಾಯಂಕಾಲ ಬರ್ತಾ ಕಾಲು ಕಿಲೋ ಕಾಫಿಪುಡಿ, ಚಿಕೋರಿ ಬೇಡ.”

“ನಂಬರ್?”

“ಮೂವತ್ತೆಂಟು ಮಾವ.”

“ರೈಟ್! ಹೊರಡು.”

ಒಂದು ಸಲ ಮರೆತು ಬರಿಗೈಯಲ್ಲಿ ಬಂದೆ. ಮಾವ ಸಿಟ್ಟಿನಿಂದ ನಡುಗಿದರು. “ಮೂವತ್ತೆಂಟು ಅಂತ ಕೊಟ್ಟು ಆಮೇಲೆ ಮರೀತೀಯಾ? ನೀನು ಸ್ಟೇಷನ್ ಮಾಸ್ಟರ್ ಆಗಿದ್ದಿದ್ರೆ ಈ ಹೊತ್ತಿಗೆ ಎರಡು ಗಾಡಿ ಒಂದರ ಮೇಲೊಂದು ಹತ್ತಿರ್ತಿದ್ವು!”

ಅಡುಗೆಮನೆಯಿಂದ ಅತ್ತೆ ಕೂಗಿದರು: “ಕಾಲು ಕಿಲೋ ಕಾಫಿಪುಡಿಗೆ ಎಷ್ಟು ಜನಾನ ಸಾಯಿಸ್ತೀರ್ರೀ?”

ಅತ್ತೆಯ ವಿಷಯ ಹೇಳಿದೆನಲ್ಲ, ಅವರು ಮಾತ್ರ ಜಪ್ಪಯ್ಯ ಅಂದರೂ ನಂಬರ್ ಕೊಡುತ್ತಿರಲಿಲ್ಲ. “ನಾನೇನು ನಿಮ್ಮ ಪಕ್ಕದ ಸ್ಟೇಷನ್ನಾ? ಹೇಳಿದೀರಿ, ಕೇಳಿಸ್ಕೊಂಡಿದೀನಿ, ಮಾಡ್ತೀನಿ. ಬೇಕಾದ್ರೆ ಗಾಡಿ ಬಿಡಿ, ಬೇಡದಿದ್ರೆ ನಿಲ್ಲಿಸ್ಕೊಳಿ,” ಅನ್ನುತ್ತಿದ್ದರು. ಮದುವೆಯಾದಾಗಿನಿಂದ ಇದೇ ಜಗಳ. ಮಾವ ಸೋತು, ಅತ್ತೆಯ ಗಾಡಿಗಳನ್ನೆಲ್ಲ ಬರೀ ನಂಬಿಕೆಯ ಮೇಲೆ ಓಡಿಸುತ್ತಿದ್ದರು.

ಸೊಪ್ಪು ಮಾರುವ ಹೆಂಗಸು ಅತ್ತೆಗಿಂತ ಮೇಲು. ನಾಳೆ ಮುರುಂಗೆ, ಅಂದರೆ ನುಗ್ಗೆ ಸೊಪ್ಪು ತರಲೇಬೇಕು ಅಂತ ಮಾವ ಬಾಲ್ಕನಿಯಿಂದ ತಮಿಳಿನಲ್ಲಿ ಆರ್ಡರ್ ಕೊಟ್ಟು ನಂಬರ್ ಕೇಳಿದರೆ, ಅವಳು ಬುಟ್ಟಿ ಕೆಳಗಿಟ್ಟು ಕೈಮುಗಿದು “ನೂತ್ತಿ ಎಟ್ಟು ಸಾಮಿ!” ಅನ್ನುತ್ತಿದ್ದಳು. ನೂರೆಂಟು! ಅವಳ ಪಾಲಿಗೆ ಅದು ದೇವರ ನಂಬರು. ಮಾವ ಬಾಲ್ಕನಿಯಿಂದ ಬಗ್ಗಿ “ಎರಡೇ ಅಂಕಿ ಇರ್ಬೇಕಮ್ಮಾ, ಎರಡೇ ಅಂಕಿ!” ಅಂತ ಬೀದಿಗೆಲ್ಲ ಕೇಳುವಂತೆ ಬೇಡಿಕೊಳ್ಳುತ್ತಿದ್ದರು. ಅವಳು ಒಂದು ದಿನವೂ ಕಡಿಮೆ ಮಾಡಲಿಲ್ಲ. ಸೊಪ್ಪನ್ನು ತಪ್ಪಿಸಲೂ ಇಲ್ಲ.

ಇನ್ನೊಂದು ಹುಚ್ಚು ಹೇಳಬೇಕು. ಸ್ಟೇಷನ್ನಿಗೆ ಗಾಡಿ ಬಂದರೆ ಎಂಜಿನ್ ನೋಡಿ ‘ಬಂತು’ ಅನ್ನುವಂತಿಲ್ಲವಂತೆ. ಕಟ್ಟಕಡೆಯ ಡಬ್ಬಿಯ ಹಿಂದೆ ಕೆಂಪು ದೀಪ ಇರುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ‘ಗಾಡಿ ಪೂರ್ತಿ ಬಂತು’. ಆಮೇಲೂ ಕೆಲಸ ಮುಗಿಯುವುದಿಲ್ಲ. ಗಾಡಿ ಕಳಿಸಿದ ಹಿಂದಿನ ಸ್ಟೇಷನ್ನಿಗೆ ‘ಪೂರ್ತಿ ಬಂದು ಸೇರಿತು’ ಅಂತ ಹೇಳಬೇಕು. ಹೇಳುವವರೆಗೆ ಆ ಲೈನು ಕಟ್ಟಿಹಾಕಿದಂತೆಯೇ, ಅವರು ಇನ್ನೊಂದು ಗಾಡಿ ಬಿಡುವಂತಿಲ್ಲ.

ಹೀಗಾಗಿ ನಾವೆಲ್ಲ ಒಂದು ಮದುವೆಗೆ ಕಾಂಚೀಪುರಕ್ಕೆ ಹೋಗಿ ಬಂದೆವು ಅನ್ನಿ. ಮಾವ ಮೊದಲು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಅತ್ತೆ ಬಂದರು, ಮಗಳು ಪದ್ಮ ಬಂದಳು. ನಾನು ಯಾವಾಗಲೂ ಕೊನೆ, ಚೀಲ ಹಾಸಿಗೆ ಎಲ್ಲ ನನ್ನ ಹೆಗಲಿಗೆ. ಆ ದಿನ ಮಾಂಬಲಂ ಸ್ಟೇಷನ್ನಿನ ಸೇತುವೆ ಇಳಿಯುವಾಗ ನನ್ನ ಚಪ್ಪಲಿ ಕಿತ್ತುಹೋಗಿ ಹಿಂದೆ ಬಿದ್ದೆ. ಹೊಲಿಸಿಕೊಂಡು ಮನೆಗೆ ಬಂದು ನೋಡುತ್ತೇನೆ, ಯಾರೂ ಸೀರೆ ಬದಲಾಯಿಸಿಲ್ಲ, ಒಲೆ ಹಚ್ಚಿಲ್ಲ, ಎಲ್ಲರೂ ಹಜಾರದಲ್ಲಿ ನಿಂತೇ ಇದ್ದಾರೆ. ಪದ್ಮ ಹಲ್ಲು ಕಚ್ಚಿಕೊಂಡು “ನೀ ಎಂಗಡಾ ಪೋನೇ? ಇಲ್ಲಿ ಲೈನ್ ಕ್ಲಿಯರ್ ಆಗಿಲ್ಲವಂತೆ!” ಅಂದಳು. ಮದರಾಸಿನಲ್ಲೇ ಓದಿದವಳು, ಸಿಟ್ಟು ಬಂದರೆ ಅರ್ಧ ತಮಿಳು. ಎಲ್ಲಿ ಹೋಗಿದ್ದೆ ಅಂತ ಕೇಳಿದ್ದು.

ಮಾವ ಮಾತ್ರ ನನ್ನನ್ನು ನೋಡಿ ಅರಳಿ ನಿಂತರು. “ಬಂತಪ್ಪಾ ಹಿಂದಿನ ದೀಪ! ಗಾಡಿ ಪೂರ್ತಿ ಬಂತು!” ಕೈಕಾಲು ತೊಳೆಯುವ ಮೊದಲೇ ಕೂತು ಕಾಂಚೀಪುರದವರಿಗೆ ಒಂದು ಕಾರ್ಡು ಬರೆದರು, ಎಲ್ಲರೂ ಪೂರ್ತಿ ಬಂದು ಸೇರಿದೆವು ಅಂತ.

ನನಗೆ ಅವರು ಇಟ್ಟ ಹೆಸರು ಗೂಡ್ಸ್ ಗಾಡಿ. ನಾನು ಊರಿನಲ್ಲಿ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾ ಬೆಳೆದವನು. ಮೀಸೆ ದಟ್ಟವಾದ ಮೇಲೆ ಎಸ್ಸೆಸ್ಸೆಲ್ಸಿಗೆ ಕೂತೆ. ಮದರಾಸಿಗೆ ಬಂದು ಟೈಪಿಂಗ್ ಕಲಿತದ್ದು ಹೈಸ್ಕೂಲು ಹುಡುಗಿಯರ ಪಕ್ಕದಲ್ಲಿ ಕೂತು. ಅವರ ಮೆಷಿನ್ನು ಮಳೆಯಂತೆ ಸುರಿಯುತ್ತಿದ್ದರೆ ನನ್ನದು ಸೂರಿನ ಹನಿಯಂತೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಸೌಕಾರ್‌ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕಾಗದ ಟೈಪು ಮಾಡುವ ಕೆಲಸ ಸಿಕ್ಕಿತು. ಗೂಡ್ಸ್ ಗಾಡಿ ಅಂದಾಗ ಬೇಜಾರಾಗುತ್ತಿತ್ತು. ಒಂದು ದಿನ ಬಾಯಿಬಿಟ್ಟು ಹೇಳಿಯೇಬಿಟ್ಟೆ.

ಮಾವ ಆಶ್ಚರ್ಯಪಟ್ಟರು. “ಬೇಜಾರಾ? ಲೋ, ಸ್ಟೇಷನ್ನಲ್ಲಿ ಮೈನ್ ಲೈನ್ ಪಕ್ಕದಲ್ಲಿ ಲೂಪ್ ಲೈನ್ ಅಂತ ಇರತ್ತೆ. ಗೂಡ್ಸನ್ನ ಅಲ್ಲಿ ನಿಲ್ಲಿಸಿ, ಮೈಲ್ ಗಾಡಿಗೆ, ಅಂದ್ರೆ ಎಕ್ಸ್‌ಪ್ರೆಸ್ಸಿಗೆ, ದಾರಿ ಬಿಡ್ತೀವಿ. ಅದೇನು ಶಿಕ್ಷೆನಾ? ಮೈಲು ತರೋದು ಬರೀ ಜನಾನ. ಊರಿಗೆ ಅಕ್ಕಿ ಉಪ್ಪು ತರೋದು ಗೂಡ್ಸು. ನಾನು ಯಾವ ಗೂಡ್ಸನ್ನೂ ಲೂಪಲ್ಲಿ ಹಾಕಿ ಮರೆತಿಲ್ಲ. ನಿಂತಿದ್ರೂ ಅದರ ಮೇಲೆ ನನ್ನ ಕಣ್ಣಿರ್ತಿತ್ತು.”

ಆಮೇಲೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಕಾಲ ಹೋಯಿತು. ಪದ್ಮಳಿಗೆ ಮದುವೆಯಾಯಿತು, ಅಳಿಯ ಬ್ಯಾಂಕಿನಲ್ಲಿ ಆಫೀಸರು. ಮಾವನ ಲೆಕ್ಕದಲ್ಲಿ ಅವರು ಮೈಲ್ ಗಾಡಿ, ಮನೆಗೆ ಬಂದರೆ ನಾವೆಲ್ಲ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಎಂಬತ್ತರ ದಶಕ ಶುರುವಾಯಿತು. ಆಗ ಮನೆಯಲ್ಲಿ ಒಂದು ಹೊಸ ಟ್ರಾಫಿಕ್ ಸಮಸ್ಯೆ ಎದ್ದಿತು.

ಆ ಮನೆಗಿದ್ದುದು ಒಂದೇ ಬಚ್ಚಲು. ಅದಕ್ಕೂ “ಲೈನ್ ಕ್ಲಿಯರ್?” ಅಂತ ಕೂಗಿಯೇ ಹೋಗಬೇಕು, ಅದು ಹಳೇ ಕಾನೂನು. ಆದರೆ ಈಗ ಮಾವ ಕೂಗಿದ ಸ್ವಲ್ಪ ಹೊತ್ತಿಗೇ ಮತ್ತೆ ಕೂಗತೊಡಗಿದರು. ಒಳಗೆ ಹೋದರೆ ಬೇಗ ಬರುವುದೂ ಇಲ್ಲ. ನಾನು ಆಫೀಸಿಗೆ ಹೊತ್ತಾಯಿತು ಅಂತ ಹೊರಗೆ ಟವೆಲು ಹೆಗಲಿಗೆ ಹಾಕಿಕೊಂಡು ಕುಣಿಯುತ್ತಿದ್ದರೆ, ಒಳಗಿನಿಂದ ದೀನವಾದ ದನಿ ಬರುತ್ತಿತ್ತು:

“ಸ್ವಲ್ಪ ತಾಳೋ. ಗಾಡಿ ಔಟರ್ ಸಿಗ್ನಲ್ಲಲ್ಲಿ ನಿಂತ್ಬಿಟ್ಟಿದೆ.”

“ಡಾಕ್ಟರ ಹತ್ರ ಹೋಗಿ ಅಂದ್ರೆ ಕೇಳಲ್ಲ,” ಅಂತ ಅತ್ತೆ ಗೊಣಗಿದರು. “ಇಡೀ ಸದರ್ನ್ ರೈಲ್ವೆ ನಡೆಸಿದೋರಿಗೆ ಒಂದು ಸಣ್ಣ ಗಾಡಿ ಓಡಿಸಕ್ಕಾಗ್ತಿಲ್ಲ!”

ಒಂದು ಬೆಳಿಗ್ಗೆ ಗಾಡಿ ಪೂರ್ತಿ ನಿಂತೇಹೋಯಿತು. ಮಾವ ಬೆವರಿ, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿದರು. ತಮಾಷೆಯೆಲ್ಲ ಎಲ್ಲಿ ಹೋಯಿತೋ! ಆಟೋದಲ್ಲಿ ಕೀಲ್ಪಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಒಬ್ಬ ಡಾಕ್ಟರು ಮೊದಲು ಟ್ಯೂಬು ಹಾಕಿ ಉಪಶಮನ ಮಾಡಿದರು, ಕೆಲವು ದಿನ ಬಿಟ್ಟು ಆಪರೇಷನ್ನೂ ಮಾಡಿದರು. ಮೂತ್ರಚೀಲದ ಬುಡದಲ್ಲಿ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇದೆ, ವಯಸ್ಸಾದ ಗಂಡಸರಲ್ಲಿ ಅದು ಊದಿಕೊಂಡು ದಾರಿ ಒತ್ತುತ್ತದೆ, ಅಡ್ಡವಾದಷ್ಟನ್ನು ಒಳದಾರಿಯಿಂದಲೇ ಕೆತ್ತಿ ತೆಗೆದಿದ್ದೇನೆ ಅಂದರು. ಮಾವ ಮನೆಗೆ ಬಂದು “ಟ್ರ್ಯಾಕ್ ರಿಪೇರಿ ಆಯ್ತು!” ಅಂತ ಬೀದಿಗೆಲ್ಲ ಸಾರಿದರು.

ಕೆತ್ತಿ ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದರಂತೆ. ಅದರ ಫಲ ಬಂದ ಮೇಲೆ ಡಾಕ್ಟರು ನಮ್ಮನ್ನು ಕರೆಸಿದರು. ಮಾವ, ಅಳಿಯ, ನಾನು ಹೋದೆವು. ಡಾಕ್ಟರು ತಮಿಳಿನವರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ.

“ಚೂರುಗಳಲ್ಲಿ ಸ್ವಲ್ಪ ಕ್ಯಾನ್ಸರ್ ಇದೆ ಸಾರ್.”

ಆ ಕಾಲದಲ್ಲಿ ಆ ಶಬ್ದವನ್ನು ಮನೆಗಳಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಅಂತ ದನಿ ತಗ್ಗಿಸುತ್ತಿದ್ದರು. ಅಳಿಯಂದಿರ ಮುಖ ಬಿಳಿಚಿತು. ನನಗೆ ಕೈಯಲ್ಲಿದ್ದ ಚೀಲ ಭಾರವಾಯಿತು. ಮಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು.

“ಸ್ಟೇಷನ್ ಬಿಟ್ಟು ಹೊರಗೆ ಹೋಗಿದೆಯಾ?”

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಇಲ್ಲ. ಮೂಳೆಯ ಎಕ್ಸ್‌ರೇ, ರಕ್ತ, ಎಲ್ಲ ನೋಡಿದ್ದೇನೆ. ಈಗ ಕಾಣುವ ಮಟ್ಟಿಗೆ ಆ ಗ್ರಂಥಿಯೊಳಗೇ ಇದೆ.”

ಆಮೇಲೆ ಅವರು ದಾರಿಗಳನ್ನು ವಿವರಿಸಿದರು. ಹೊಟ್ಟೆ ಕೊಯ್ದು ಗ್ರಂಥಿಯನ್ನೇ ಪೂರ್ತಿ ತೆಗೆಯಬಹುದು. ದೊಡ್ಡ ಆಪರೇಷನ್ನು, ರಕ್ತ ಹೋಗುತ್ತದೆ, ಈ ವಯಸ್ಸಿನ ಹೃದಯ ತಡೆಯಬೇಕು. ತಡೆದರೂ ಆಮೇಲೆ ಮೂತ್ರ ಹಿಡಿತಕ್ಕೆ ಸಿಗದೆ ಸೋರಬಹುದು. ಇಲ್ಲ, ವಾರಗಟ್ಟಲೆ ದಿನಾ ಬಂದು ಕರೆಂಟು, ಅಂದರೆ ರೇಡಿಯೇಷನ್, ಹಿಡಿಸಿಕೊಳ್ಳಬಹುದು. ಅದರಿಂದ ಸುತ್ತಮುತ್ತ ಸುಟ್ಟಂತಾಗಿ ಹೊಟ್ಟೆ ಕೆಡಬಹುದು. ಮಾತ್ರೆಗಳಿವೆ, ಅವು ಕಾಯಿಲೆ ಹರಡಿದವರಿಗೆ, ಈಗ ಬೇಡ.

“ಇನ್ನೊಂದು ದಾರಿ, ಈಗ ಏನೂ ಮಾಡದೆ ಕಾದು ನೋಡೋದು. ಇಂಥ ಸಣ್ಣ ಗಡ್ಡೆ ವಯಸ್ಸಾದವರಲ್ಲಿ ಎಷ್ಟೋ ಸಲ ತುಂಬ ನಿಧಾನ. ಮೂರು ಮೂರು ತಿಂಗಳಿಗೆ ಬಂದು ತೋರಿಸಬೇಕು. ಕದಲಿದರೆ ಆಗ ನೋಡೋಣ. ಆದರೆ ಕದಲೋದೇ ಇಲ್ಲ ಅಂತ ನಾನು ಬರೆದುಕೊಡಲಾರೆ. ಮನೆಯಲ್ಲಿ ಮಾತಾಡಿಕೊಂಡು ಮುಂದಿನ ವಾರ ಹೇಳಿ.”

“ರಿಪೀಟ್ ಮಾಡ್ತೀನಿ,” ಅಂದರು ಮಾವ. ನಾಲ್ಕೂ ದಾರಿಗಳನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದರು. ಹೇಳಿ, “ಸರಿಯಾಗಿದ್ರೆ ನಂಬರ್ ಕೊಡಿ ಡಾಕ್ಟರೇ,” ಅಂದರು.

ನಾನು ನಾಚಿಕೆಯಿಂದ ಮೇಜಿನ ಕೆಳಗೆ ಹೋಗಬೇಕೆನ್ನುವಷ್ಟರಲ್ಲಿ ಡಾಕ್ಟರು ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಗದೆ, ಯೋಚಿಸಿ, “ಇಪ್ಪತ್ತೇಳು,” ಅಂದರು.

“ರೈಟ್!” ಮಾವ ಎದ್ದು ಕೈಮುಗಿದರು. ಹೊರಗೆ ಬಂದು ನನಗೆ ಹೇಳಿದರು: “ಒಳ್ಳೇ ಮನುಷ್ಯ ಕಣೋ. ಎರಡೇ ಅಂಕಿ ಕೊಟ್ಟ.”

ಮನೆಯಲ್ಲಿ ಏನಾಯಿತು ಅಂತ ಹೇಳಬೇಕೇ? ಅಳಿಯಂದಿರು ಮೈಲ್ ಗಾಡಿಯಲ್ಲವೇ, ಸೀದಾ ಹೊರಟರು. “ಮಾವಾ, ಒಳಗಿಟ್ಟುಕೊಂಡು ಹ್ಯಾಗೆ ಇರ್ತೀರಿ? ತೆಗೆಸಿಬಿಡಿ. ನಾನು ದೊಡ್ಡ ಆಸ್ಪತ್ರೆಯಲ್ಲಿ ಮಾತಾಡಿದೀನಿ, ಬೆಡ್ ಸಿಗತ್ತೆ.” ಪದ್ಮ ಕಣ್ಣೊರೆಸಿಕೊಳ್ಳುತ್ತಾ, “ಪ್ಲೀಸ್ಪಾ, ವೆಯ್ಟ್ ಪಣ್ಣಾದೀಂಗೊ, ಕಾಯ್ತಾ ಕೂರಬೇಡಿ,” ಅಂದಳು. ಕೆಳಗಿನ ಮನೆಯವರು ನೆಲ್ಲಿಕಾಯಿ ರಸ ಹೇಳಿದರು. ಎದುರುಮನೆಯ ಹಿರಿಯರು ಅದರ ಮೇಲೆ ಕಬ್ಬಿಣ ಸೋಕಿಸಲೇಬೇಡಿ, ಕೆರಳುತ್ತದೆ ಅಂದರು. ಡಾಕ್ಟರು ಹೇಳಿದ್ದು ನಾಲ್ಕು ದಾರಿ. ಬೀದಿಯವರು ಸೇರಿಸಿ ಅದನ್ನೊಂದು ಜಂಕ್ಷನ್ ಮಾಡಿದರು!

ಮಾವ ಎಲ್ಲ ಕೇಳಿಸಿಕೊಂಡು ಕಾಫಿ ಲೋಟಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದರು.

“ನೋಡಿ. ಈ ಲೋಟ ಆ ಕಾಯಿಲೆ. ಗೂಡ್ಸು. ಸ್ಟೇಷನ್ನೊಳಗೇ ನಿಂತಿದೆ. ಹಿಂದೆ ಈ ದೊಡ್ಡ ಲೋಟ ಬರ್ತಾ ಇದೆಯಲ್ಲ, ಇದು ಮೈಲು.”

“ಯಾವ ಮೈಲು ಮಾವ?” ಅಂದೆ.

“ವಯಸ್ಸು ಕಣೋ. ಎಪ್ಪತ್ತು ದಾಟಿದವನಿಗೆ ಮೈಲು ಯಾವತ್ತಿದ್ರೂ ಬರಬೇಕಾದ್ದೇ. ಗೂಡ್ಸನ್ನ ಎಬ್ಬಿಸಿ ಮೈನ್ ಲೈನಿಗೆ ತಂದು ಗಲಾಟೆ ಮಾಡ್ಕೊಳ್ಳೋದಾ, ಲೂಪಲ್ಲಿ ನಿಲ್ಲಿಸಿ ಕಣ್ಣಿಟ್ಟಿರೋದಾ? ನಾನು ಲೂಪಿಗೆ ಹಾಕ್ತೀನಿ. ಕದಲಿದ್ರೆ ಆಗ ಕರೆಂಟು ಹಿಡಿಸ್ಕೋತೀನಿ.”

ಅತ್ತೆ ಬಗ್ಗಿ ಎರಡೂ ಲೋಟ ಎತ್ತಿಕೊಂಡರು. “ಗಾಡಿ ತೊಳೀಬೇಕು,” ಅಂತ ಹೇಳಿ ಅಡುಗೆಮನೆಗೆ ನಡೆದರು.

ಮಾವ ನಂಬರ್ ಕೇಳಿದರು. ನಾನು ಕೊಟ್ಟೆ. ಪದ್ಮ ಅಳುತ್ತಾ ಕೊಟ್ಟಳು. ಅಳಿಯ ಬಹಳ ವಾದ ಮಾಡಿ, ಕೊನೆಗೆ ವಿಧಿಯಿಲ್ಲದೆ ಕೊಟ್ಟರು. ಮಾವ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತರು.

“ಲೇ, ನಿನ್ನ ನಂಬರ್?”

ಅತ್ತೆ ಲೋಟ ತಿಕ್ಕುತ್ತಲೇ ಇದ್ದರು. “ನಾನು ಕೊಡಲ್ಲ.”

“ಇಷ್ಟು ವರ್ಷ ಕೊಡ್ಲಿಲ್ಲ, ಹೋಗ್ಲಿ ಅಂತ ಬಿಟ್ಟೆ. ಇದೊಂದಕ್ಕೆ ಕೊಡು.”

“ಅಡುಗೆಮನೆಯಲ್ಲಿ ಹಾವು ಹೊಕ್ಕಿದೆ, ಮಲಗಿದೆ, ಮಲಗಿರ್ಲಿ ಬಿಡು ಅಂತೀರ. ನಾನು ಹ್ಯಾಗ್ರೀ ಒಪ್ಪಲಿ? ತೆಗೆಸ್ಕೊಳಿ ಅಂತೀನಿ ನಾನು. ನಿಮಗೇನು, ಹೋಗ್ಬಿಡ್ತೀರ. ಆಮೇಲೆ ಈ ಕಿಟಕಿ ಹತ್ರ ನಿಂತ್ಕೊಂಡು ಟ್ರೈನ್ ಲೇಟು ಅಂತ ಹೇಳೋರ್ಯಾರು ನನಗೆ?”

ಮಾವ ಆ ಕಿಟಕಿಯ ಕಡೆ ಒಮ್ಮೆ ನೋಡಿದರು. ಮೆಲ್ಲಗೆ ಬಂದು ಈಜಿಚೇರಿನಲ್ಲಿ ಕೂತರು.

ನೀವೇ ಹೇಳಿ, ಆ ಕಾಲದಲ್ಲಿ ಯಾವ ಗಂಡಸು ಇಂಥದಕ್ಕೆ ಹೆಂಡತಿಯ ಒಪ್ಪಿಗೆ ಕೇಳುತ್ತಿದ್ದ? ‘ನನ್ನ ಶರೀರ, ನನ್ನ ಇಷ್ಟ’ ಅಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೇ ಹೇಳಿದೆ ಕೂಡ. “ಮಾವ, ನಾವೆಲ್ಲ ನಂಬರ್ ಕೊಟ್ಟಿದೀವಲ್ಲ. ಡಾಕ್ಟರಿಗೆ ಹೇಳಿಬಿಡೋಣ.”

ಮಾವ ತಲೆಯಾಡಿಸಿದರು. “ನೀವೆಲ್ಲ ಬೇರೆ ಲೈನಿನೋರು ಕಣೋ. ಈ ಹಳಿಗೆ ಇರೋದು ಎರಡೇ ಸ್ಟೇಷನ್ನು. ಈ ಕಡೆ ನಾನು, ಆ ಕಡೆ ಅವಳು. ಅವಳು ಕೊಡದೆ ನಾನು ಸಿಗ್ನಲ್ ಬೀಳಿಸಿದ್ರೆ ಗಾಡಿ ಹೊರಡತ್ತೆ, ಹೊರಡಲ್ಲ ಅಂತಲ್ಲ. ಆದ್ರೆ ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಕೊಂಡು ಕೂತಿರ್ಬೇಕಾಗತ್ತೆ.”

ಹೇಳಬೇಕಾದ ದಿನ ಹತ್ತಿರ ಬಂತು. ಅಳಿಯ ಬೆಡ್ಡಿನ ವಿಷಯಕ್ಕೆ ದಿನವೂ ಬಂದು ಕೇಳುತ್ತಿದ್ದರು. ಮಾವ ‘ಹೂಂ’ ಅನ್ನರು, ‘ಉಹೂಂ’ ಅನ್ನರು. ಮನೆಯಲ್ಲಿ ಯಾರೂ ಯಾರನ್ನೂ ನಂಬರ್ ಕೇಳಲಿಲ್ಲ. ನಾನು ಹೇಳದೆ ಕೇಳದೆ ಕಾಫಿಪುಡಿ ತಂದಿಟ್ಟರೆ, ಅದು ಚಿಕೋರಿಯದೋ ಅಲ್ಲವೋ ಅಂತ ಮಾವ ಮೂಸಿ ಕೂಡ ನೋಡಲಿಲ್ಲ. ಸೊಪ್ಪಿನವಳು ಕೆಳಗೆ ನಿಂತು ತಾನಾಗಿಯೇ “ನೂತ್ತಿ ಎಟ್ಟು!” ಅಂತ ಕೂಗಿ ನೋಡಿ, ಬಾಲ್ಕನಿಯಲ್ಲಿ ಯಾರೂ ಕಾಣದೆ ಮುಂದೆ ಹೋದಳು.

ಆ ದಿನ ಬೆಳಿಗ್ಗೆ ನಾವು ಹೊರಟರೆ ಅತ್ತೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೀನಿ.”

ಡಾಕ್ಟರ ಮುಂದೆ ಅತ್ತೆ ಸೆರಗು ಹೊದ್ದು ನೆಟ್ಟಗೆ ಕೂತರು. ಹೊರಗಿನ ಗಂಡಸರ ಮುಂದೆ ಅವರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ತಮಿಳು, ಕನ್ನಡ ಎರಡೂ ಬೆರೆಸಿ ಕೇಳಿದರು: “ಡಾಕ್ಟರೇ, ತೆಗೆದುಬಿಟ್ರೆ ಇವರು ಮುಂಚಿನ ಹಾಗೇ ಎದ್ದು ಓಡಾಡ್ತಾರಾ?”

“ಓಡಾಡಬಹುದಮ್ಮಾ. ಓಡಾಡದೆ ಹಾಸಿಗೆ ಹಿಡಿಯಲೂಬಹುದು. ಇವರ ವಯಸ್ಸಿಗೆ, ಇವರ ಹಾರ್ಟಿಗೆ ನನಗೆ ಧೈರ್ಯ ಕಡಿಮೆ.”

“ಬಿಟ್ರೆ?”

“ಎಷ್ಟೋ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಕೆಲವು ವರ್ಷದ ಮೇಲೆ ಮೂಳೆಗೆ ಹೋಗುತ್ತೆ. ಇವರು ಯಾವ ಗುಂಪು ಅಂತ ನನಗೂ ಗೊತ್ತಿಲ್ಲ.”

ಅತ್ತೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. “ಅದು ಕದಲಿತು ಅಂತ ನಮಗೆ ಗೊತ್ತಾಗೋದು ಹ್ಯಾಗೆ?”

“ಅದಕ್ಕೇ ಮೂರು ತಿಂಗಳಿಗೆ ಬರಬೇಕು ಅಂದಿದ್ದು. ಬಿಡೋದು ಬೇರೆ ಅಮ್ಮಾ, ಕಾಯೋದು ಬೇರೆ. ಎರಡು ಸಲ ಚೆನ್ನಾಗಿದೆ ಅಂದ ಕೂಡಲೇ ಗಂಡಸರು ಬರೋದು ನಿಲ್ಲಿಸ್ತಾರೆ. ಅಲ್ಲೇ ಕೆಡೋದು.”

ಅತ್ತೆ ಕುರ್ಚಿಯಲ್ಲಿ ಮಾವನ ಕಡೆ ಪೂರ್ತಿ ತಿರುಗಿ ಕೂತು, ಅವರು ಆಡಬೇಕಾದ ಮಾತನ್ನು ತಾವೇ ಹೇಳಿಕೊಟ್ಟರು.

“ಮೂರು ತಿಂಗಳಿಗೊಂದು ಸಲ ಇಲ್ಲಿಗೆ ಬರ್ತೀನಿ. ನೀನು ಕರ್ಕೊಂಡು ಬರೋ ದಿನ ನೆಪ ಹೇಳಲ್ಲ. ಕದಲಿದ್ರೆ ಕರೆಂಟು ಹಿಡಿಸ್ಕೋತೀನಿ, ವಾದ ಮಾಡಲ್ಲ. ರಿಪೀಟ್ ಮಾಡಿ.”

ಮಾವ ಬೆಚ್ಚಿದರು. ಮನೆಯವರು ಯಾರೂ ಜನ್ಮದಲ್ಲಿ ಅವರನ್ನು ರಿಪೀಟ್ ಮಾಡಿ ಅಂದಿರಲಿಲ್ಲ! “ಮೂರು ತಿಂಗಳಿಗೊಂದು ಸಲ…” ಅಂತ ಶುರುಮಾಡಿ, ಸಣ್ಣ ಹುಡುಗನ ಹಾಗೆ ಮಧ್ಯದಲ್ಲಿ ತಪ್ಪಿ, ಮತ್ತೆ ಮೊದಲಿಂದ ಹೇಳಿ ಮುಗಿಸಿದರು.

“ನಂಬರ್?” ಅಂದರು ಅತ್ತೆ.

“…ಐವತ್ತೊಂದು.”

“ಹೂಂ. ಹಾಗಾದ್ರೆ ತಗೊಳಿ ನಂದು. ಹನ್ನೆರಡು.”

ಮಾವ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. “ರೈಟ್,” ಅಂದದ್ದು ಯಾರಿಗೂ ಕೇಳಿಸಲಿಲ್ಲ. ಡಾಕ್ಟರು ಎದುರಿಗಿದ್ದ ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದರು.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ಆ ಯಾತ್ರೆ ತಪ್ಪಲಿಲ್ಲ. ಬಸ್ ಮುಷ್ಕರದ ದಿನ ಹೋದೆವು, ಮಳೆಗೆ ಮಾಂಬಲಂನ ಬೀದಿಗಳಲ್ಲಿ ಮೊಣಕಾಲು ನೀರು ನಿಂತ ದಿನವೂ ಅತ್ತೆ ಸೀರೆ ಎತ್ತಿ ಕಟ್ಟಿ ಮುಂದೆ ನಡೆದರು. ಡಾಕ್ಟರು ಕೈಗೆ ಗವುಸು ಹಾಕಿಕೊಂಡು ಹಿಂಬದಿಯಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಿದ್ದರು. ಮೊದಲ ಸಲ ನಾಚಿದ ಮಾವ ಎರಡನೇ ಸಲಕ್ಕೆ ತತ್ವಜ್ಞಾನಿಯಾದರು. “ಜನರಲ್ ಮ್ಯಾನೇಜರ ಇನ್‌ಸ್ಪೆಕ್ಷನ್ ಬೋಗಿ ಹಿಂದೇನೇ ಜೋಡಿಸೋದು ಕಣೋ. ನಾಚಿಕೆ ಏನು ಬಂತು?”

ತೆರೆಯ ಆಚೆಯಿಂದ ಡಾಕ್ಟರು ಕೂಗಿ ಹೇಳುತ್ತಿದ್ದರು, “ಗೂಡ್ಸು ಲೂಪಲ್ಲೇ ಇದೆ ಅಮ್ಮಾ!” ಆ ಒಂದು ವಾಕ್ಯವನ್ನು ಮಾವ ಅವರಿಗೆ ಕನ್ನಡದಲ್ಲೇ ಕಲಿಸಿದ್ದರು. ಈಚೆ ಕೂತ ಅತ್ತೆ ಉಸಿರು ಬಿಡುತ್ತಿದ್ದರು. ವಾಪಸು ಬರುವಾಗ ಹೋಟೆಲಿನಲ್ಲಿ ರವೆ ದೋಸೆ. ಅದು ಮಾತ್ರ ಯಾರ ನಂಬರೂ ಇಲ್ಲದೆ ಜಾರಿಗೆ ಬಂದ ಕಾನೂನು.

ಗೂಡ್ಸು ಕದಲಲೇ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಮಾವ ಹೇಳಿದ್ದ ಮೈಲೇ ಬಂತು. ಒಂದು ಮಧ್ಯಾಹ್ನ ಕಾಫಿ ಕುಡಿದು ಲೋಟವನ್ನು ಕಿಟಕಿಯ ಮೇಲಿಟ್ಟು, ಈಜಿಚೇರಿನಲ್ಲಿ ಒರಗಿದವರು ಏಳಲಿಲ್ಲ. ಹೃದಯ ಅಂದರು. ಒಂದು ಟ್ರೈನು ಸರಿಯಾದ ಹೊತ್ತಿಗೆ ಹೋಗುವುದನ್ನು ನೋಡಿಯೇ ಕಣ್ಣು ಮುಚ್ಚಿರಬೇಕು, ಮುಖ ಅಷ್ಟು ನೆಮ್ಮದಿಯಾಗಿತ್ತು.

ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಅತ್ತೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಇವತ್ತು ಕೀಲ್ಪಾಕಿಗೆ ಹೋಗೋ ದಿನ.”

“ಅತ್ತೆ, ಇನ್ನು ಯಾಕೆ…”

“ನನಗೇನು ಬುದ್ಧಿ ಕೆಟ್ಟಿಲ್ಲ. ಸುಮ್ನೆ ಬಾರೋ.”

ಡಾಕ್ಟರು ಬಾಗಿಲಲ್ಲಿ ನಮ್ಮಿಬ್ಬರನ್ನೇ ನೋಡಿದರು. ನಮ್ಮ ಹಿಂದೆ ಮೂರನೆಯವರು ಬರುತ್ತಾರೇನೋ ಅಂತ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತರು.

ಅತ್ತೆ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು, ಎಷ್ಟೋ ವರ್ಷ ಗೇಲಿ ಮಾಡಿದ್ದ ಆ ಭಾಷೆಯಲ್ಲೇ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

“ಗಾಡಿ ಪೂರ್ತಿ ಬಂದು ಸೇರಿತು ಡಾಕ್ಟರೇ. ಹೇಳದಿದ್ರೆ ನಿಮ್ಮ ಕಡೆ ಲೈನು ಕಟ್ಟಿಹಾಕಿದ ಹಾಗೇ ಇರತ್ತೆ ಅಂತಿದ್ರು. ಅದಕ್ಕೆ ಹೇಳಿ ಹೋಗೋಣ ಅಂತ ಬಂದೆ.”

ಡಾಕ್ಟರು ತಮ್ಮ ಮುರುಕು ಕನ್ನಡದಲ್ಲಿ ತಿರುಗಿ ಹೇಳಿದರು. “ಗಾಡಿ ಪೂರ್ತಿ ಬಂದು ಸೇರಿತು.”

ಅತ್ತೆ ಇನ್ನೂ ನಿಂತೇ ಇದ್ದರು. ಯಾತಕ್ಕೆ ಅಂತ ಡಾಕ್ಟರಿಗೆ ಹೊಳೆಯಿತು.

“ಇಪ್ಪತ್ತೇಳು,” ಅಂದರು.

“ಸರಿ,” ಅಂದರು ಅತ್ತೆ. ಬಾಗಿಲವರೆಗೆ ಬಂದು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕರನ್ನು ನೋಡಿ, ಡಾಕ್ಟರ ಕಡೆ ತಿರುಗಿದರು.

“ಲೈನ್ ಕ್ಲಿಯರ್ ಇದೆ. ಅವರನ್ನ ಕರೀರಿ.”